ಪದಚರ್ಚೆ: ಪ್ರೋಟಾನ್ ಚಿಕಿತ್ಸೆಯ ‘ಮಾನಿಟರಿಂಗ್’ ಕಾವಲೋ, ನಿಗಾವೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಚೆನ್ನೈ ಮತ್ತು ನವಿ ಮುಂಬಯಿಯ ಪ್ರೋಟಾನ್ (ಪರಮಾಣು ಬೀಜದೊಳಗಿನ ಕಣ) ಕಿರಣದ ಚಿಕಿತ್ಸಾ ಕೇಂದ್ರಗಳಿಗೆ ಹೊರಡುವ ನಮ್ಮ ಶಿವಮೊಗ್ಗ ಸೀಮೆಯ ಕ್ಯಾನ್ಸರ್ ರೋಗಿಗಳಿಗಾಗಿ ಕೈಪಿಡಿಯೊಂದನ್ನು ಕನ್ನಡಿಸುತ್ತಿರುವ ತೀರ್ಥಹಳ್ಳಿಯ ಸೋದರಿಯವರು ‘ಬೀಮ್ ಮಾನಿಟರಿಂಗ್’ (ಕಿರಣವನ್ನು ಗಮನಿಸುತ್ತಿರುವುದು), ‘ರೇಂಜ್ ವೆರಿಫಿಕೇಶನ್’ (ಕಿರಣ ಎಷ್ಟು ಆಳಕ್ಕೆ ಹೋಯಿತೆಂದು ಪರೀಕ್ಷಿಸುವುದು) ಎಂಬ ಎರಡು ಮಾತುಗಳಿಗೆ ಈ ವಾರದೊಳಗೆ ಪದ ಬೇಕೆಂದು ಕೇಳಿದ್ದಾರೆ. ಬಂದ ಉತ್ತರಗಳೆಲ್ಲ ‘ಮಾನಿಟರಿಂಗ್’ಗೆ ‘ಕಾವಲು’ ಅಚ್ಚಗನ್ನಡ, ‘ನಿಗಾ’ ಪಾರಸಿ ಎಂಬ ಜಗಳದಲ್ಲೇ ನಿಂತಿವೆ. ಅವರು ಕೇಳಿದ ಎರಡು ಮಾತುಗಳು ಎರಡು ಬೇರೆ ಕೆಲಸಗಳನ್ನು ಹೇಳುತ್ತವೆ ಎಂಬುದನ್ನು ಯಾರೂ ಗಮನಿಸಿದಂತಿಲ್ಲ.

ಎಕ್ಸ್‌ರೇ ಕಿರಣ ದೇಹವನ್ನು ತೂರಿ ಆಚೆ ಹೊರಡುತ್ತದೆ. ಪ್ರೋಟಾನು ಹಾಗಲ್ಲ, ಒಳಹೋಗುತ್ತ ವೇಗ ಕಳೆದುಕೊಂಡು, ನಿಲ್ಲುವ ತುದಿಯಲ್ಲೇ ಅತಿ ಹೆಚ್ಚು ಶಕ್ತಿಯನ್ನು ಬಿಟ್ಟು, ಅಲ್ಲಿಗೆ ಮುಗಿಯುತ್ತದೆ. ಬ್ರ್ಯಾಗ್ ಶಿಖರವೆನ್ನುವ ಈ ಗುಣವನ್ನು ಚಿಕಿತ್ಸೆಗೆ ಬಳಸಬಹುದೆಂದು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ ಬರೆದದ್ದು 1946ರಲ್ಲಿ. 150 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನು ನೀರಿನಲ್ಲಿ ಸುಮಾರು 16 ಸೆಂಟಿಮೀಟರ್ ಆಳಕ್ಕೆ ಇಳಿಯುತ್ತದೆ. ಆದರೆ ದೇಹ ಬರಿಯ ನೀರಲ್ಲ. ಮೂಳೆ, ಶ್ವಾಸಕೋಶ, ಕರುಳಿನ ಗಾಳಿ ಇವೆಲ್ಲ ದಾರಿಯಲ್ಲಿ ಸಿಗುತ್ತವೆ. ನಡುವೆ ರೋಗಿ ಸೊರಗಿದರೆ ತುದಿ ಇನ್ನೂ ಒಳಕ್ಕೆ ಸರಿದು, ಗಡ್ಡೆಯ ಹಿಂದಿರುವ ಆರೋಗ್ಯವಂತ ಅಂಗಕ್ಕೆ ಪೆಟ್ಟು ಬೀಳಬಹುದು.

ಮೊದಲನೆಯ ಕೆಲಸ, ಅಂದರೆ ಬೀಮ್ ಮಾನಿಟರಿಂಗ್, ದೇಹದ ಹೊರಗಿನದು. ಕಿರಣ ಹೊರಬರುವ ಮೂತಿಯಲ್ಲಿ ಕೂರಿಸಿದ ಅಯಾನೀಕರಣ ಕೋಶಗಳೆಂಬ ಅಳತೆಯ ಉಪಕರಣಗಳು ಎಷ್ಟು ಕಣಗಳು ಹೋದವು, ಯಾವ ಜಾಗಕ್ಕೆ ಹೋದವು ಎಂದು ಅಳೆಯುತ್ತಲೇ ಇದ್ದು, ಲೆಕ್ಕ ತಪ್ಪಿದರೆ ಕಿರಣವನ್ನೇ ನಿಲ್ಲಿಸುತ್ತವೆ. ಇದು ನಿಗಾ. ‘ತೀವ್ರ ನಿಗಾ ಘಟಕ’ ಎಂಬ ಫಲಕವನ್ನು ಓದಿ ತಡವರಿಸಿದ ಮಲೆನಾಡಿಗರನ್ನು ನಾನು ಕಂಡಿಲ್ಲ. ಇಷ್ಟು ಬೇರೂರಿದ ಪದವನ್ನು ಹುಟ್ಟೂರು ಕೇಳಿ ಹೊರಹಾಕುವುದು ನನಗೆ ಒಪ್ಪಿಗೆಯಿಲ್ಲ. ‘ಕಾ’ ಧಾತುವಿನಿಂದ ಬಂದ ‘ಕಾವಲು’ ಸೊಗಸಾದ ಪದವೇ ಹೌದು. ಆದರೆ ಗದ್ದೆಗೆ ಹಂದಿ ನುಗ್ಗದಂತೆ ಕಾಯುವವನ ಕಣ್ಣು ಹೊರಗಿನಿಂದ ಬರುವುದರ ಮೇಲಿರುತ್ತದೆ. ಇಲ್ಲಿ ನೋಡಬೇಕಾದದ್ದು ನಾವೇ ಕಳಿಸಿದ ಕಿರಣವನ್ನು.

ಎರಡನೆಯದು, ಅಂದರೆ ರೇಂಜ್ ವೆರಿಫಿಕೇಶನ್, ಕಿರಣ ದೇಹದೊಳಗೆ ಎಲ್ಲಿ ನಿಂತಿತೆಂದು ಅರಿಯುವ ಕೆಲಸ. ಇದಕ್ಕೆ ‘ವ್ಯಾಪ್ತಿ ದೃಢೀಕರಣ’ ಖಂಡಿತ ಬೇಡ. ವ್ಯಾಪ್ತಿ ಎಂದೊಡನೆ ಓದುಗರಿಗೆ ಪೊಲೀಸ್ ಠಾಣೆಯ ಸರಹದ್ದು ನೆನಪಾಗುತ್ತದೆ. ‘ಹರವು’ ಅಗಲವನ್ನು ಹೇಳುತ್ತದೆ, ಆಳವನ್ನಲ್ಲ. ಯೋಜಿಸಿದ ಆಳಕ್ಕೂ ಮುಟ್ಟಿದ ಆಳಕ್ಕೂ ಹೋಲಿಸಿ ನೋಡುವುದೇ ಇಲ್ಲಿಯ ಕೆಲಸವಾದ್ದರಿಂದ ‘ಆಳ ತಾಳೆ ನೋಡುವುದು’ ಎನ್ನೋಣ. ಲೆಕ್ಕದ ಪುಸ್ತಕ ಬಲ್ಲವರಿಗೆಲ್ಲ ತಾಳೆ ಗೊತ್ತು.

ತಾಳೆ ನೋಡುವ ಬಗೆಗಳ ಹೆಸರಲ್ಲೂ ಎಚ್ಚರ ಬೇಕು. ಪ್ರೋಟಾನು ಬಡಿದ ಪರಮಾಣು ಬೀಜಗಳು ಕ್ಷಣಾರ್ಧಕ್ಕೂ ಬಹಳ ಮೊದಲೇ ಗಾಮಾ ಕಿರಣವನ್ನು ಸೂಸುತ್ತವೆ. ಅದನ್ನು ಹೊರಗಿನ ಕ್ಯಾಮೆರಾ ಹಿಡಿಯುತ್ತದೆ. ರೋಗಿಯ ಚಿಕಿತ್ಸೆಯಲ್ಲಿ ಇದು ಮೊದಲು ಬಳಕೆಯಾದದ್ದು 2015ರಲ್ಲಿ, ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಇಂಗ್ಲಿಷಿನಲ್ಲಿ ‘ಪ್ರಾಂಪ್ಟ್ ಗಾಮಾ’ ಎನ್ನುವ ಇದನ್ನು ‘ಶೀಘ್ರ ಗಾಮಾ’ ಎನ್ನುವುದು ತಪ್ಪು, ಏಕೆಂದರೆ ಎಲ್ಲ ಗಾಮಾ ಕಿರಣದ ವೇಗವೂ ಒಂದೇ. ಇಲ್ಲಿ ಮುಖ್ಯವಾದದ್ದು ಅದು ಹುಟ್ಟುವ ಗಳಿಗೆ. ‘ತಕ್ಷಣದ ಗಾಮಾ’ ಸರಿಯಾದೀತು. ಪೆಟ್ ಸ್ಕ್ಯಾನಿನ (ದೇಹದೊಳಗಿನ ವಿಕಿರಣಶೀಲ ಪರಮಾಣುಗಳ ಚಿತ್ರ ತೆಗೆಯುವ ವಿಧಾನದ) ದಾರಿಯಲ್ಲಿ, ದೇಹದೊಳಗೇ ಹುಟ್ಟುವ ಆಕ್ಸಿಜನ್-15, ಕಾರ್ಬನ್-11 ಪರಮಾಣುಗಳನ್ನು ಹುಡುಕುತ್ತಾರೆ. ಮೊದಲನೆಯದರ ಅರ್ಧಾಯು (ಅರ್ಧದಷ್ಟು ಅಳಿಯಲು ಹಿಡಿಯುವ ಹೊತ್ತು) ಸುಮಾರು 2 ನಿಮಿಷ, ಎರಡನೆಯದರದ್ದು ಸುಮಾರು 20 ನಿಮಿಷ. ತಡವಾದರೆ ರಕ್ತವೂ ಅವನ್ನು ಹೊತ್ತೊಯ್ದು ಚಿತ್ರ ಮಸುಕಾಗುತ್ತದೆ. ‘ಪೆಟ್’ ಹಾಗೆಯೇ ಇರಲಿ. ರೋಗಿಯ ಕೈಯಲ್ಲಿರುವ ಚೀಟಿಯಲ್ಲೂ ಅದೇ ಇರುತ್ತದೆ.

ಸೋದರಿಯವರು ಕೈಪಿಡಿಯಲ್ಲಿ ಹೀಗೆ ಬರೆಯಬಹುದು: “ಚಿಕಿತ್ಸೆ ನಡೆಯುವಷ್ಟು ಹೊತ್ತೂ ಕಿರಣದ ಮೇಲೆ ಯಂತ್ರ ನಿಗಾ ಇಟ್ಟಿರುತ್ತದೆ. ಕೆಲವು ಕೇಂದ್ರಗಳಲ್ಲಿ, ಕಿರಣ ಮುಟ್ಟಿದ ಆಳವನ್ನು ಯೋಜನೆಯೊಂದಿಗೆ ತಾಳೆ ನೋಡುವುದೂ ಉಂಟು.” ‘ಕೆಲವು’ ಎಂಬ ಮಾತನ್ನು ದಯವಿಟ್ಟು ಕೈಬಿಡಬೇಡಿ; ಎಲ್ಲ ಕಡೆಯೂ ಈ ಎರಡನೆಯ ಸೌಲಭ್ಯವಿಲ್ಲ.