‘ಕಾರ್ನಿವಲ್’ಗೆ ಕನ್ನಡದಲ್ಲಿ ಏನೆನ್ನೋಣ? ‘ಮಾಂಸಕ್ಕೆ ವಿದಾಯ’ ಸರಿಯೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಗೋವಾದ ಹಬ್ಬಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕಾರ್ನಿವಲ್’ ಅನ್ನು ‘ಜಾತ್ರೆ’ ಎನ್ನಬಹುದೇ? ಈ ಪದ ‘ಕಾರ್ನೆ ವಾಲೆ’, ಅಂದರೆ ‘ಮಾಂಸವೇ, ಹೋಗಿ ಬಾ’ ಎಂಬುದರಿಂದ ಬಂತೆಂದು ಹಲವೆಡೆ ಓದಿದೆ. ಹಾಗೆಯೇ ಬರೆಯಲೇ? ಕಾರ್ನಿವಲ್ ಮುಗಿದ ಮೇಲೆ ಈಸ್ಟರ್‌ವರೆಗೆ ಕ್ರೈಸ್ತರು ಹಿಡಿಯುವ ಉಪವಾಸ ವ್ರತದ ಕಾಲ ‘ಲೆಂಟ್’ಗೆ ನಮ್ಮಲ್ಲಿ ಯಾವ ಮಾತಿದೆ? ಬಲ್ಲವರು ತಿಳಿಸಿ.

ಉತ್ತರ 1:
‘ಮಾಂಸವೇ, ಹೋಗಿ ಬಾ’ ಕೇಳಲು ಚೆನ್ನಾಗಿದೆ. ಆದರೆ ಅದು ಪದ ಹುಟ್ಟಿದ ಮೇಲೆ ಕಟ್ಟಿದ ವಿವರಣೆ. ಮಧ್ಯಯುಗದ ಲ್ಯಾಟಿನ್ ಬರಹಗಳಲ್ಲಿರುವ ರೂಪ ‘ಕಾರ್ನೆಲೆವಾರಿಯುಂ’, ಹಳೆಯ ಇಟಾಲಿಯನ್ನಿನದು ‘ಕಾರ್ನೆಲೆವಾರೆ’. ‘ಕಾರ್ನೆ’ ಮಾಂಸ, ‘ಲೆವಾರೆ’ ತೆಗೆದಿಡು. ಅದು ಆಡುಮಾತಿನಲ್ಲಿ ಸವೆದು ‘ಕಾರ್ನೆವಾಲೆ’ ಆಯಿತು, ಆಮೇಲೆ ಅದರ ಕೊನೆಯಲ್ಲಿ ಜನರಿಗೆ ‘ವಾಲೆ’ ಕಂಡಿತು. ‘ಹಡಗಿನ ಬಂಡಿ’ ಎಂಬರ್ಥದ ‘ಕಾರ್ರುಸ್ ನಾವಾಲಿಸ್’ನಿಂದ ಬಂತೆನ್ನುವ ಊಹೆಯೂ ಇದೆ. ಹಳೆಯ ರೂಪಗಳು ಅದಕ್ಕೆ ಒಗ್ಗುವುದಿಲ್ಲ, ಬಿಟ್ಟುಬಿಡಿ.

ಬೇರೆ ನುಡಿಗಳ ಹೆಸರನ್ನೂ ನೋಡಿ. ಕೊಂಕಣಿಯ ‘ಇಂತ್ರೂಜ್’ ಪೋರ್ಚುಗೀಸಿನ ‘ಎಂತ್ರೂದು’ವಿನಿಂದ ಬಂತು, ಅದರ ಲ್ಯಾಟಿನ್ ಮೂಲಕ್ಕೆ ‘ಪ್ರವೇಶ’ ಎಂದರ್ಥ, ವ್ರತದೊಳಗಿನ ಪ್ರವೇಶ. ಜರ್ಮನಿನ ‘ಫಾಸ್ಟ್‌ನಾಖ್ಟ್’ ಉಪವಾಸದ ಹಿಂದಿನ ರಾತ್ರಿ. ಗ್ರೀಕಿನ ‘ಅಪೊಕ್ರಿಯೆಸ್’ ಎಂದರೂ ಮಾಂಸದಿಂದ ದೂರ. ಕುಣಿತ, ಕುಡಿತ, ಮುಖವಾಡ ಇವುಗಳಲ್ಲಿ ಒಂದೂ ಹೆಸರಿಗೆ ಬಂದಿಲ್ಲ. ಎಲ್ಲ ಹೆಸರೂ ಮುಂದೆ ಬರುವ ವ್ರತದ್ದೇ. ಜಾತ್ರೆಗೆ ದೇವರು ಬೇಕು, ಸ್ಥಳ ಬೇಕು. ಕಾರ್ನಿವಲ್‌ಗೆ ಬೇಕಿರುವುದು ಮರುದಿನದ ವ್ರತ. ಹಾಗಾಗಿ ‘ಜಾತ್ರೆ’ ಬೇಡ. ಗೋವಾದ ಬರಹಕ್ಕೆ ‘ಇಂತ್ರೂಜ್’ ಎಂದೇ ಇಟ್ಟು, ಮೊದಲ ಸಲ ಬಂದಾಗ ‘ವ್ರತದ ಮುನ್ನಾದಿನಗಳ ಹಬ್ಬ’ ಎಂದು ಬಿಡಿಸಿ ಹೇಳಿ.

ಇನ್ನೊಂದು ಎಡವುವ ಜಾಗ ‘ಮಾರ್ಡಿ ಗ್ರಾ’, ವ್ರತ ಹಿಡಿಯುವ ಹಿಂದಿನ ದಿನದ ಫ್ರೆಂಚ್ ಹೆಸರು. ಅದು ‘ದಪ್ಪ ಮಂಗಳವಾರ’ ಅಲ್ಲ, ‘ಜಿಡ್ಡಿನ ಮಂಗಳವಾರ’. ಹಳೆಯ ಕಟ್ಟಳೆಯಲ್ಲಿ ಮಾಂಸದ ಜೊತೆ ಮೊಟ್ಟೆ, ಹಾಲು, ಬೆಣ್ಣೆ, ಕೊಬ್ಬೂ ನಿಷಿದ್ಧವಾಗಿದ್ದವು. ಮನೆಯಲ್ಲಿ ಉಳಿದದ್ದನ್ನು ಕೆಡುವ ಮೊದಲು ತಿಂದು ಮುಗಿಸಬೇಕಿತ್ತು. ಇಂಗ್ಲೆಂಡಿನಲ್ಲಿ ಆ ದಿನ ಪ್ಯಾನ್‌ಕೇಕ್ ಹುಯ್ಯುವುದು, ಜರ್ಮನ್ನರು ಎಣ್ಣೆಯಲ್ಲಿ ಕರಿದ ಸಿಹಿ ಮಾಡುವುದು ಇದರಿಂದಲೇ. ಗೋವಾದ ‘ಸಾಬಾದು ಗೋರ್ದು’ ಕೂಡ ‘ಜಿಡ್ಡಿನ ಶನಿವಾರ’. ಪಣಜಿಯಲ್ಲಿ ಕಾರ್ನಿವಲ್‌ನ ಅಣಕು ದೊರೆ ಮೋಮೋ ರಾಜನ ಮೆರವಣಿಗೆ ಹೊರಡುವ ದಿನ.

ಉತ್ತರ 2:
ಲೆಂಟ್‌ಗೆ ಕನ್ನಡ ಕಥೋಲಿಕರ ಮಾತು ‘ತಪಸ್ಸುಕಾಲ’, ಅದರ ಮೊದಲ ದಿನ ‘ಬೂದಿ ಬುಧವಾರ’. ಎರಡೂ ಬಳಕೆಯಲ್ಲಿರುವಾಗ ಹೊಸದನ್ನು ಟಂಕಿಸುವುದು ಬೇಡ. ಇಂಗ್ಲಿಷಿನ ‘ಲೆಂಟ್’ ಹುಟ್ಟಿನಲ್ಲಿ ವಸಂತದ ಹೆಸರು, ಹಗಲು ಉದ್ದವಾಗುವ ಕಾಲ. ಉಪವಾಸದ ಅರ್ಥ ಅದಕ್ಕೆ ಆಮೇಲೆ ಅಂಟಿದ್ದು.

ದಿನ ಲೆಕ್ಕ ಹಾಕುವಾಗ ಎಚ್ಚರ. ‘ನಲವತ್ತು ದಿನದ ವ್ರತ’ ಎಂದು ಈಸ್ಟರ್‌ನಿಂದ 40 ದಿನ ಹಿಂದಕ್ಕೆ ಎಣಿಸಿದರೆ ತಪ್ಪುತ್ತದೆ. ನಡುವಿನ 6 ಭಾನುವಾರ ವ್ರತಕ್ಕೆ ಸೇರದ ಕಾರಣ 46 ದಿನ ಎಣಿಸಬೇಕು. 2026ರ ಈಸ್ಟರ್ ಏಪ್ರಿಲ್ 5. ಬೂದಿ ಬುಧವಾರ ಫೆಬ್ರುವರಿ 18. ಗೋವಾದ ನಾಲ್ಕು ದಿನಗಳು 14ರಿಂದ 17. ಆದರೆ ‘ಕಾರ್ನಿವಲ್ ಎಲ್ಲೆಡೆ ಮಂಗಳವಾರ ಮುಗಿಯುತ್ತದೆ’ ಎಂದು ಬರೆಯಬೇಡಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅದು ಶುರುವಾಗುವುದೇ ಬೂದಿ ಬುಧವಾರದ ನಂತರದ ಸೋಮವಾರ, ಬೆಳಗಿನ ಜಾವ 4 ಗಂಟೆಗೆ. ಇಟಲಿಯ ಮಿಲಾನಿನ ಚರ್ಚು ಅನುಸರಿಸುವ ಅಂಬ್ರೋಸಿಯನ್ ಪದ್ಧತಿಯಲ್ಲಿ ವ್ರತ ಭಾನುವಾರ ಹಿಡಿಯುವುದರಿಂದ ಹಬ್ಬ ಶನಿವಾರದವರೆಗೂ ಇರುತ್ತದೆ.

ಗೋವಾದ ಬಗ್ಗೆ ಎರಡು ಮಾತು. ಪಣಜಿಯ ಈಗಿನ ಮೆರವಣಿಗೆ 1965ರಲ್ಲಿ, ಪೋರ್ಚುಗೀಸರು ಹೋದ ಮೇಲೆ ಆರಂಭವಾದದ್ದು; ಮನೆಮನೆಯ, ಊರೂರಿನ ಇಂತ್ರೂಜ್ ಅದಕ್ಕಿಂತ ಬಹಳ ಹಳೆಯದು. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ. ಚಾಂದೋರಿನಲ್ಲಿ (ಗೋವಾ ಕದಂಬರ ಚಂದ್ರಪುರ) ಈ ದಿನಗಳಲ್ಲೇ ‘ಮುಸಳ್ ಖೇಳ್’ ಕುಣಿಯುತ್ತಾರೆ. ಅಲ್ಲಿನ ‘ಮುಸಳ್’ ಸಂಸ್ಕೃತದ ಮುಸಲ, ಅಂದರೆ ಒನಕೆ. ‘ಮೊಸಳೆ ಕುಣಿತ’ ಎಂದಾಗದಂತೆ ನೋಡಿಕೊಳ್ಳಿ.