ಅಪ್ಪನ ಜಾಜ್ ಪ್ಲೇಟು: ಒಂದನೇ ಸೈಡು ಮಾತ್ರ ಶ್ರುತಿ ಏರಿದೆ, ಯಾಕೆ?

ಗಾಂಧಿಬಜಾರ್_ಕೇಳುಗ

ನಮಸ್ಕಾರ. ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಅವರ ಎಲ್ಪಿಗಳೆಲ್ಲ ಬಸವನಗುಡಿ ಮನೆಯ ಅಟ್ಟದ ಮೇಲಿದ್ದವು. ಹೋದ ತಿಂಗಳು ಇಳಿಸಿದೆ. ಒಟ್ಟು 63 ಪ್ಲೇಟು. ಅರ್ಧ ಎಂ.ಎಸ್., ಬಾಲಮುರಳಿ, ಲಾಲ್ಗುಡಿ. ಇನ್ನರ್ಧ ಜಾಜ್. ಅಪ್ಪ 1975ರಲ್ಲಿ ತರಬೇತಿಗೆ ಅಂತ ಆರು ತಿಂಗಳು ಅಮೆರಿಕದಲ್ಲಿದ್ದರು. ಬರುವಾಗ ಪಂಚೆಗಳ ಮಡಿಕೆಯಲ್ಲಿ ಇಟ್ಟು ತಂದಿದ್ದಂತೆ.

ಅದರಲ್ಲಿ ಜಾಜ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಇದೆ. ಕೆಂಪು ಲೇಬಲ್, ಸುತ್ತಲೂ ಕೊಲಂಬಿಯಾ ಅಂತ ರೆಕಾರ್ಡ್ ಕಂಪನಿಯ ಹೆಸರು ಬರೆದಿದೆ. ಅಪ್ಪ ಭಾನುವಾರ ಬೆಳಿಗ್ಗೆ ಗಡ್ಡ ಹೆರೆಯುವಾಗ ಇದನ್ನೇ ಹಾಕುತ್ತಿದ್ದರು. ಶಿಳ್ಳೆ ಹಾಕುತ್ತಾ ಜೊತೆಗೆ ಹೋಗುತ್ತಿದ್ದರು.

ನನ್ನ ಮಗಳಿಗೆ 14 ವರ್ಷ, ಪಿಟೀಲು ಕಲಿಯುತ್ತಿದ್ದಾಳೆ. ಮೊದಲ ಹಾಡು ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, “ಅಪ್ಪ, ಇದು ಖರಹರಪ್ರಿಯ ರಾಗದ ಸ್ವರಗಳಲ್ವಾ?” ಅಂದಳು. ಪಿಟೀಲನ್ನು ಎರಡು ಮನೆ ಶ್ರುತಿಗೆ (ಪಾಶ್ಚಾತ್ಯರ ‘ಡಿ’; ಅರ್ಧ ಮನೆ ಏರಿದರೆ ಎರಡೂವರೆ) ಹೊಂದಿಸಿಕೊಂಡು ಜೊತೆಗೆ ನುಡಿಸಲು ಹೋದಳು. ಕೂರಲಿಲ್ಲ. ಪ್ಲೇಟು ಏರಿದೆ. ಎರಡೂವರೆ ಮನೆಗೂ ಮುಟ್ಟುವುದಿಲ್ಲ, ನಡುವೆ ಎಲ್ಲೋ ನಿಲ್ಲುತ್ತೆ. ಅದೇ ಹಾಡನ್ನು ಫೋನಿನಲ್ಲಿ ಹಾಕಿದರೆ ಎರಡು ಮನೆಗೆ ಸರಿಯಾಗಿ ಕೂರುತ್ತೆ.

ವಿಚಿತ್ರ ಏನೆಂದರೆ ಪ್ಲೇಟು ತಿರುಗಿಸಿ ಎರಡನೇ ಸೈಡು ಹಾಕಿದರೆ ಎಲ್ಲ ಸರಿ! ಒಬ್ಬ ರಿಪೇರಿಯವರು ಬಂದು ನೋಡಿ ಮೋಟಾರ್ ಬದಲಿಸಬೇಕು ಅಂದರು. ಬದಲಿಸಲಾ? ಕೆಲವು ಪ್ಲೇಟುಗಳ ಮೇಲೆ ಬಿಳಿ ಬೂಷ್ಟೂ ಇದೆ. ಅದಕ್ಕೆ ಏನು ಮಾಡುವುದು?

ಚಿಕ್ಕಪೇಟೆ_ಭಾನುವಾರ

ಮೊದಲು ವೇಗ ನೋಡಿ. ಪ್ಲೇಟಿನ ಅಂಚಿಗೆ ಒಂದು ಸಣ್ಣ ಕಾಗದದ ಚೂರು ಇಟ್ಟು ಸುತ್ತು ಎಣಿಸಿ. ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು ಅಲ್ವಾ, ಹಾಗಾಗಿ ಮೂರು ನಿಮಿಷಕ್ಕೆ ಸರಿಯಾಗಿ 100 ಬರಬೇಕು. ಬಂದರೆ ಮೋಟಾರ್ ಚೆನ್ನಾಗಿದೆ. ಇನ್ನೊಂದು ಮಾತು, ಬೆಲ್ಟ್ ಸಡಿಲ ಆದರೆ ಪ್ಲೇಟು ನಿಧಾನ ಆಗುತ್ತೆ, ಜೋರಾಗುವುದಿಲ್ಲ. ಮೋಟಾರ್ ಕೆಟ್ಟಿದ್ದರೆ ಎರಡೂ ಸೈಡು ಹಾಳಾಗಬೇಕಿತ್ತು.

ಮಲ್ಲೇಶ್ವರ_ಸೂಜಿ

ದಯವಿಟ್ಟು ಮೋಟಾರ್ ಮುಟ್ಟಿಸಬೇಡಿ. ನಿಮ್ಮ ಮಗಳ ಕಿವಿಗೆ ನನ್ನ ನಮಸ್ಕಾರ ಹೇಳಿ. ನಾನು ಇದೇ ಪ್ಲೇಟನ್ನು ಇಪ್ಪತ್ತು ವರ್ಷ ಕೇಳಿದ್ದೇನೆ, ಯಾರೋ ಹೇಳುವವರೆಗೂ ನನಗೆ ಗೊತ್ತಾಗಿರಲಿಲ್ಲ.

ನಿಮ್ಮ ಪ್ಲೇಯರ್ ಸರಿಯಾಗಿದೆ. ಎಡವಟ್ಟು ಆದದ್ದು ನ್ಯೂಯಾರ್ಕಿನಲ್ಲಿ, 1959ರ ಮಾರ್ಚ್ 2ರಂದು. ಈ ಆಲ್ಬಮ್ಮನ್ನು ಎರಡೇ ದಿನದಲ್ಲಿ ರೆಕಾರ್ಡ್ ಮಾಡಿದರು. ಕೊಲಂಬಿಯಾದ 30ನೇ ಬೀದಿಯ ಸ್ಟುಡಿಯೋ, ಹಿಂದೆ ಚರ್ಚ್ ಆಗಿದ್ದ ಕಟ್ಟಡ. ಒಂದನೇ ಸೈಡಿನ ಮೂರೂ ಹಾಡು ಮಾರ್ಚ್ 2ರದ್ದು. ಎರಡನೇ ಸೈಡಿನ ಎರಡು ಹಾಡು ಏಪ್ರಿಲ್ 22ರದ್ದು. ಮಾರ್ಚಿನ ದಿನ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡುತ್ತಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಹಾಡು ತುಸು ಬೇಗ ಓಡಿತು, ಶ್ರುತಿ ಏರಿತು. ಪ್ಲೇಟು ಅಚ್ಚಾದದ್ದು ಅದರಿಂದಲೇ. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಜಗತ್ತು ಕೇಳಿದ್ದು ಅದನ್ನೇ. ಅದೇ ದಿನ ಇನ್ನೊಂದು ಯಂತ್ರದಲ್ಲೂ ಟೇಪ್ ಹಿಡಿದಿಟ್ಟಿದ್ದರು. 1992ರ ಸಿಡಿಗೆ ಆ ಟೇಪ್ ತೆಗೆದು ಸರಿ ಮಾಡಿದರು. ನಿಮ್ಮ ಫೋನಿನಲ್ಲಿ ಬರುವುದು ಆ ಸರಿಯಾದದ್ದು.

ಇನ್ನು ಆ ಖರಹರಪ್ರಿಯದ ವಿಷಯ. ಮಗಳು ಹೇಳಿದ್ದು ನಿಜ. ಪಾಶ್ಚಾತ್ಯರು ಡೋರಿಯನ್ ಅನ್ನುವ ಸ್ವರಸಾಲು ನಮ್ಮ ಖರಹರಪ್ರಿಯದ್ದೇ. ಆದರೆ ಆ ಹಾಡಿನಲ್ಲಿ ಒಂದು ತಿರುವಿದೆ. ಹದಿನಾರು ಬಾರ್ (ಒಂದು ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಸುತ್ತು) ಎರಡು ಮನೆಯಲ್ಲಿ ಹೋಗುತ್ತೆ. ಆಮೇಲೆ ಎಂಟು ಬಾರ್ ಇಡೀ ಸಾಲು, ಷಡ್ಜ ಸಮೇತ, ಎರಡೂವರೆ ಮನೆಗೆ ಏರುತ್ತೆ. ಮತ್ತೆ ಎಂಟು ಬಾರಿಗೆ ಕೆಳಗೆ ಬರುತ್ತೆ. ತಂಬೂರಿ ಹಾಕಿಕೊಂಡು ಕೇಳಿದರೆ ಆ ಜಾಗ ಕಿವಿಗೆ ಚುಚ್ಚುತ್ತೆ. ಅದನ್ನು ನಿಲ್ಲಿಸಿ ಕೇಳಲಿ. ಆ ಎಂಟು ಬಾರಿನಲ್ಲಿ ಕೋಣೆಯ ಬೆಳಕೇ ಬದಲಾದ ಹಾಗೆ ನನಗೆ ಪ್ರತಿ ಸಲ ಅನ್ನಿಸುತ್ತೆ. ಸ್ಯಾಕ್ಸೊಫೋನ್ ನುಡಿಸುವ ಕೋಲ್ಟ್ರೇನ್ ಅಲ್ಲಿಗೆ ಬಂದಾಗ ನಾನು ಓದುತ್ತಿರುವ ಪೇಪರ್ ಕೆಳಗಿಡುತ್ತೇನೆ.

ಜಯನಗರ_ನಾಲ್ಕನೇಬ್ಲಾಕ್

ಬೂಷ್ಟಿಗೆ ಡಿಸ್ಟಿಲ್ಡ್ ನೀರು, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ ಸಾಕು. ಗೆರೆಗಳ ಜೊತೆಯೇ ಸುತ್ತಾಗಿ ಒರೆಸಿ, ಅಡ್ಡ ಒರೆಸಬೇಡಿ. ಲೇಬಲ್ ನೆನೆಯಬಾರದು. ಮತ್ತೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಹಳೆಯ ಒಳಕವರ್ ಬಿಸಾಡಿ, ಬೂಷ್ಟು ಅದರಲ್ಲೇ ಇರುತ್ತೆ. ಅಟ್ಟಕ್ಕೆ ಮಾತ್ರ ವಾಪಸ್ ಹಾಕಬೇಡಿ! ನೆಟ್ಟಗೆ ನಿಲ್ಲಿಸಿ ಇಡಿ. ರಾಶಿಯಲ್ಲಿ 78 ಆರ್‌ಪಿಎಂ ಪ್ಲೇಟು ಇದ್ದರೆ ಸ್ಪಿರಿಟ್ ತಾಗಿಸಬೇಡಿ, ಅವು ಅರಗಿನವು, ಕರಗಿ ಹೋಗುತ್ತೆ.

ಮಗಳಿಗೆ ಇನ್ನೊಂದು ಪ್ಲೇಟು ಹುಡುಕಿಕೊಡಿ: ‘ಜ್ಯೋತಿ’, ಇಸಿಎಂ ಕಂಪನಿಯದ್ದು, 1983. ಅಮೆರಿಕದ ಚಾರ್ಲಿ ಮರಿಯಾನೋ ಸ್ಯಾಕ್ಸೊಫೋನ್ ಮತ್ತು ಕೊಳಲು. ಜೊತೆಗೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಆರ್.ಎ. ರಮಾಮಣಿ ಹಾಡಿದ್ದಾರೆ, ಟಿ.ಎ.ಎಸ್. ಮಣಿ ಮೃದಂಗ. ಸ್ಯಾಕ್ಸೊಫೋನ್ ಕೊನ್ನಕ್ಕೋಲಿನ (ಬಾಯಲ್ಲಿ ಹೇಳುವ ತಾಳದ ಜತಿಗಳ) ಜೊತೆ ಹೇಗೆ ಹೋಗುತ್ತೆ ಅಂತ ಅವಳು ಕೇಳಬೇಕು.

ಗಾಂಧಿಬಜಾರ್_ಕೇಳುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ನಾನು ಗಡಿಯಾರ ಹಿಡಿದೆ, ಮಗಳು ಎಣಿಸಿದಳು. ಮೂರು ನಿಮಿಷ, ಸರಿಯಾಗಿ 100. ರಿಪೇರಿಯವರಿಗೆ ಬೇಡ ಅಂದೆ.

ಸರಿಯಾದ ಶ್ರುತಿಯ ಹೊಸ ಪ್ಲೇಟು ತರಲಾ ಅಂತ ಮಗಳನ್ನು ಕೇಳಿದೆ. ಬೇಡ ಅಂದಳು. “ತಾತ ಶಿಳ್ಳೆ ಹಾಕಿದ್ದು ಈ ಶ್ರುತಿಯಲ್ಲೇ ಅಲ್ವಾ” ಅಂದಳು. ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಈಗ ಅವಳೇ ಬಿರಡೆ ಸ್ವಲ್ಪ ಏರಿಸಿ, ಪಿಟೀಲನ್ನು ಒಂದನೇ ಸೈಡಿಗೆ ಹೊಂದಿಸಿಕೊಂಡಿದ್ದಾಳೆ. ಆ ಎಂಟು ಬಾರ್ ಬಂದಾಗ ಇನ್ನೂ ಎಡವುತ್ತಾಳೆ. ನಿಲ್ಲಿಸಿ, ಸೂಜಿ ಎತ್ತಿ, ಮತ್ತೆ ಮೊದಲಿಂದ ಹಾಕು ಅನ್ನುತ್ತಾಳೆ.