ಕಫದ ಕಲ್ಚರ್ ಪದೇ ಪದೇ ಕೆಡುತ್ತಿದೆ, ಏಕೆ?

ಪ್ರಶ್ನೆ (ಹಾಸನ): ಕ್ಷಯರೋಗದ ಪ್ರಬಂಧಕ್ಕೆ ಮೂಡಿಗೆರೆ ಕಾಫಿ ತೋಟದ ಕಾರ್ಮಿಕರ ಕಫ ತರಿಸುತ್ತಿದ್ದೇವೆ. ಕಲ್ಚರ್‌ಗೆ, ಅಂದರೆ ಕಫದಲ್ಲಿರುವ ಕ್ಷಯದ ಬ್ಯಾಕ್ಟೀರಿಯಾ ಬೆಳೆಸಲು, ಬಳಸುವ ಎಲ್‌ಜೆ (ಗಟ್ಟಿ ಮಾಧ್ಯಮ) ಟ್ಯೂಬಿನಲ್ಲಿ ಬೇರೆ ಬ್ಯಾಕ್ಟೀರಿಯಾ ಬೆಳೆದುಬಿಡುತ್ತವೆ. ಅವನ್ನು ಕೊಲ್ಲಲು ಕಫಕ್ಕೆ ಮೊದಲೇ ಹಾಕುವ ಕ್ಷಾರದ (ಸೋಡಿಯಂ ಹೈಡ್ರಾಕ್ಸೈಡ್) ಪ್ರಮಾಣ ಹೆಚ್ಚಿಸಲೇ?

ಉತ್ತರ 1: ಬೇಡ ಸರ್. ಕ್ಷಾರ ಜಾಸ್ತಿಯಾದರೆ ಕ್ಷಯದ ಬ್ಯಾಕ್ಟೀರಿಯಾವೂ ಸಾಯುತ್ತೆ, ಕಲ್ಚರ್ ಸುಳ್ಳು ನೆಗೆಟಿವ್ ಬರುತ್ತೆ. ಕ್ಷಾರ ಹಾಕಿ 15 ನಿಮಿಷ ಆದ ಕೂಡಲೇ ಬಫರ್ (ಕ್ಷಾರದ ತೀವ್ರತೆ ತಗ್ಗಿಸುವ ದ್ರಾವಣ) ಹಾಕಿ ನಿಲ್ಲಿಸಿ. ನನಗೆ ಅನುಮಾನ ಲ್ಯಾಬಿನ ಮೇಲಲ್ಲ, ದಾರಿಯ ಮೇಲೆ. ಬಸ್ಸಿನ ಬಿಸಿಲಲ್ಲಿ ಕೂತ ಡಬ್ಬಿಯಲ್ಲಿ ಬಾಯಿಯ ಬ್ಯಾಕ್ಟೀರಿಯಾ ದುಪ್ಪಟ್ಟಾಗುತ್ತಲೇ ಇರುತ್ತವೆ. ಐಸ್‌ಪ್ಯಾಕ್ ಇಟ್ಟು 2–8 ಡಿಗ್ರಿಯಲ್ಲಿ ತನ್ನಿ. ಕೆಡದಿರಲಿ ಅಂತ ಫಾರ್ಮಲಿನ್ ಮಾತ್ರ ಹಾಕಲೇಬೇಡಿ, ಅದು ಕ್ಷಯದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ.

ಉತ್ತರ 2 (ಚಿಕ್ಕಮಗಳೂರು): ಬೆಳಗ್ಗೆ ಎಲೆಅಡಿಕೆಗೆ ಮುಂಚೆಯೇ ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಲ್ಲಿಸಿ ಆಳವಾಗಿ ಕೆಮ್ಮಿಸಿ. 2ರಿಂದ 5 ಎಂಎಲ್ ಸಾಕು. ಬರೀ ಎಂಜಲು ಬಂದರೆ ಮತ್ತೆ ಕೇಳಿ.

ಪ್ರಶ್ನೆ: ಏನೂ ಬೆಳೆಯದಿದ್ದರೆ ಕಲ್ಚರ್ ನೆಗೆಟಿವ್ ಅಂತ ಯಾವಾಗ ಬರೆಯೋದು?

ಉತ್ತರ 1: ಎಲ್‌ಜೆಗೆ 8 ವಾರ, ಎಂಜಿಐಟಿಗೆ (ದ್ರವ ಮಾಧ್ಯಮದ ಟ್ಯೂಬ್) 42 ದಿನ ಕಾಯಿರಿ. ಪ್ರಬಂಧದ ಗೈಡ್ ಅವಸರಪಡಿಸಿದರೂ ಅಷ್ಟೇ.